ಮೇ ತಿಂಗಳ ಭಾನುವಾರಕ್ಕೆ ನಾಲ್ಕು ಬಸ್ಸು ಕೊಡಿ

ಗೋವಾ ಸರ್ಕಾರದ ಪ್ರವಾಸೋದ್ಯಮ ಮತ್ತು ಸಾರಿಗೆ ಇಲಾಖೆಯ ಮಾನ್ಯರಿಗೆ,
ಹಾಗೆಯೇ ಗೋವಾದಲ್ಲಿ ಬದುಕು ಕಟ್ಟಿಕೊಂಡಿರುವ ನಮ್ಮ ಕನ್ನಡದ ಮಂದಿಗೆ,

ನಮಸ್ಕಾರ.

ಈ ಪತ್ರದ ಕೊಂಕಣಿ ಪ್ರತಿಯನ್ನು ನಿಮ್ಮ ಕಚೇರಿಗೆ ಬೇರೆಯಾಗಿ ಕಳಿಸುತ್ತೇನೆ. ಕನ್ನಡದಲ್ಲಿ ಬರೆಯುತ್ತಿರುವುದು ವಾಸ್ಕೊ, ಬೈನಾ, ಜುವಾರಿನಗರ, ಮಡಗಾಂವ್, ಫೋಂಡಾ ಕಡೆಯ ನಮ್ಮವರೂ ಓದಲಿ, ಓದಿ ಕೆಳಗೆ ಸಹಿ ಹಾಕಲಿ ಅಂತ. ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳದಿಂದ ಬಂದು ಇಲ್ಲಿ ಮನೆ ಕಟ್ಟಿದವರು, ಮೀನಿನ ಜೆಟ್ಟಿಯಲ್ಲಿ ದುಡಿದವರು, ತರಕಾರಿ ಮಾರಿದವರು ಬಹಳ ಜನ. ಅವರ ಮಕ್ಕಳು ಇಲ್ಲೇ ಹುಟ್ಟಿದರು, ಕೊಂಕಣಿ ನೀರು ಕುಡಿದಷ್ಟು ಸಲೀಸಾಗಿ ಮಾತಾಡುತ್ತಾರೆ. ಆದರೆ ಬೀಚು, ಮಾರ್ಕೆಟ್ಟು, ಶಾಲೆ ಬಿಟ್ಟರೆ ಗೋವಾ ನೋಡಿದವರು ಅವರಲ್ಲಿ ಕಡಿಮೆ. ಇದು ಕನ್ನಡದವರ ಕಥೆ ಮಾತ್ರ ಅಂದುಕೊಳ್ಳಬೇಡಿ. ನಮ್ಮ ಓಣಿಯ ಕೊಂಕಣಿ ಮನೆಗಳಲ್ಲೂ ಇದೇ ಮಾತು.

ಕೇಳುತ್ತಿರುವುದು ದೊಡ್ಡದೇನಲ್ಲ. ಮೇ ತಿಂಗಳಲ್ಲಿ ಶಾಲೆಗೆ ರಜೆ ಇರುತ್ತದೆ. ಆ ತಿಂಗಳ ಪ್ರತಿ ಭಾನುವಾರ ನಾಲ್ಕು ದಾರಿಯಲ್ಲಿ ನಾಲ್ಕು ಬಸ್ಸು ಬಿಡಿ. ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರಬೇಕು. ಟಿಕೆಟ್ ಮಾಮೂಲಿ ದರದ್ದೇ ಇರಲಿ. ಗೈಡ್ ಬೇಡ, ಏಸಿ ಬೇಡ, ಊಟದ ಪೊಟ್ಟಣವೂ ಬೇಡ. ರೊಟ್ಟಿ, ಶೇಂಗಾ ಚಟ್ನಿ ನಾವೇ ಕಟ್ಟಿಕೊಂಡು ಬರುತ್ತೇವೆ.

ಗೋವಾ ಎಷ್ಟು ಚಿಕ್ಕದು ಅಂತ ನಿಮಗೆ ಹೇಳಬೇಕಾಗಿಲ್ಲ. ಊರಲ್ಲಿ ಕೂತು ಓದುವವರಿಗಾಗಿ ಹೇಳುತ್ತೇನೆ. ಇಡೀ ರಾಜ್ಯ 3,702 ಚದರ ಕಿ.ಮೀ. ಪಕ್ಕದ ಉತ್ತರ ಕನ್ನಡ ಜಿಲ್ಲೆ ಒಂದೇ ಇದರ ಎರಡೂವರೆ ಪಟ್ಟಿಗಿಂತ ಜಾಸ್ತಿ ಇದೆ. ಉತ್ತರದ ತುದಿಯಿಂದ ದಕ್ಷಿಣದ ಪೋಳೆಂವರೆಗೆ ನೂರು ಕಿ.ಮೀ. ಚಿಲ್ಲರೆ ದೂರ. ಅಂದರೆ ಇಲ್ಲಿ ಯಾವ ಜಾಗಕ್ಕೆ ಹೊರಟರೂ ರಾತ್ರಿ ಊಟಕ್ಕೆ ಮನೆಗೆ ಬರಬಹುದು. ಲಾಡ್ಜು ಬೇಡ, ರಜೆ ಚೀಟಿ ಬೇಡ. ಒಂದು ದಿನದ ಪ್ರವಾಸಕ್ಕೆ ಇದಕ್ಕಿಂತ ಅನುಕೂಲದ ರಾಜ್ಯ ದೇಶದಲ್ಲೇ ಇಲ್ಲ.

2011ರ ಜನಗಣತಿಯಲ್ಲಿ ನಾವು 14.58 ಲಕ್ಷ ಜನ. ವರ್ಷಕ್ಕೆ ಬರುವ ಪ್ರವಾಸಿಗರು ಈಗ ಕೋಟಿ ದಾಟಿದ್ದಾರೆ. ಅವರಿಗಾಗಿ ಬಾಡಿಗೆ ಸ್ಕೂಟರ್ ಇದೆ, ಮಾಂಡವಿ ಮೇಲೆ ಹಾಡು-ಕುಣಿತದ ದೋಣಿ ಇದೆ, ದೂಧಸಾಗರಕ್ಕೆ ಜೀಪು ಇದೆ. ಇರಲಿ, ಅವರಿಂದಲೇ ಎಷ್ಟೋ ಮನೆಯ ಒಲೆ ಉರಿಯುತ್ತದೆ. ನಾವು ಮಾತ್ರ ಊರಿಂದ ನೆಂಟರು ಬಂದಾಗ ಅವರ ಜತೆ ಓಲ್ಡ್ ಗೋವಾ, ಮಂಗೇಶಿ, ಕಲಂಗುಟ್ ಸುತ್ತುತ್ತೇವೆ. ನೆಂಟರು ಹೋದ ಮೇಲೆ ನಮ್ಮ ಪ್ರವಾಸವೂ ಮುಗಿಯಿತು.

ಹಿಂದೆ ಹೀಗಿರಲಿಲ್ಲ. ಗೋವಾದ ಹಳೆ ಮನೆತನದವರು ಮೇ ತಿಂಗಳಲ್ಲಿ ‘ಮುದಾನ್ಸ್’ ಅಂತ ಗಂಟುಮೂಟೆ ಕಟ್ಟಿಕೊಂಡು ಕಡಲಂಚಿಗೆ ಹೋಗುತ್ತಿದ್ದರು. ಅಲ್ಲಿ ಮನೆ ಹಿಡಿದು, ಬೆಳಿಗ್ಗೆ ಸಂಜೆ ಉಪ್ಪು ನೀರಲ್ಲಿ ಮುಳುಗುತ್ತಿದ್ದರು. ಮೈಕೈ ನೋವಿಗೆ, ಚರ್ಮದ ತುರಿಕೆಗೆ ಕಡಲಿನ ಉಪ್ಪು ನೀರು ಒಳ್ಳೆಯದು ಅನ್ನುವ ನಂಬಿಕೆ ಇಲ್ಲಿನ ಅಜ್ಜಿಯರಲ್ಲಿ ಈಗಲೂ ಗಟ್ಟಿಯಾಗಿದೆ. ಕಲಂಗುಟ್, ಕೋಲ್ವಾ ಎಲ್ಲ ಆಗ ಗೋವಾದವರ ಬೇಸಿಗೆಯ ಜಾಗಗಳು. ಒಳನಾಡಿನವರು ಝರಿಗಳಿಗೆ ಹೋಗುತ್ತಿದ್ದರು. ಸಾಳಗಾಂವದ ಸಾಲ್ಮೊನಾ, ಪೊಂಬುರ್ಪಾ, ವೆರ್ಣಾದ ಹತ್ತಿರದ ಕೇಸರವಾಳ, ಇವೆಲ್ಲ ಬೇಸಿಗೆಯಲ್ಲಿ ಜನ ಮೈಯೊಡ್ಡಿ ನಿಲ್ಲುತ್ತಿದ್ದ ನೀರಿನ ಕಂಡಿಗಳು. ಗೋವಾದವರೇ ಗೋವಾ ಸುತ್ತುವ ಪದ್ಧತಿ ಇಲ್ಲಿ ಹೊಸದಲ್ಲ ಅನ್ನುವುದಕ್ಕೆ ಇಷ್ಟು ಹೇಳಿದೆ.

ಈಗ ಏನಾಗಿದೆ ನೋಡಿ. ಪಣಜಿ, ಮಡಗಾಂವ್, ವಾಸ್ಕೊ, ಮಾಪುಸಾ ನಡುವೆ ಬಸ್ಸಿಗೆ ಕೊರತೆ ಇಲ್ಲ. ಸರ್ಕಾರಿ ಸಾರಿಗೆ ನಿಗಮ ಕದಂಬದ ಶಟಲ್ ಹತ್ತಿದರೆ ನಡುವೆ ಎಲ್ಲೂ ನಿಲ್ಲದೆ ತಲುಪುತ್ತೀರಿ. ತೊಂದರೆ ಶುರುವಾಗುವುದು ಪೂರ್ವಕ್ಕೆ ತಿರುಗಿದ ಮೇಲೆ. ಸಾಂಗೆ, ಕೇಪೆ, ಸತ್ತರಿ, ಕಾಣಕೋಣದ ಒಳ ಹಳ್ಳಿಗಳಿಗೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಶಾಲೆ, ಕಚೇರಿ, ಸಂತೆಯ ಹೊತ್ತಿಗೆ ಅವು ಸಿಗುತ್ತವೆ. ಭಾನುವಾರ ಅವರಿಗೂ ಗಿರಾಕಿ ಕಡಿಮೆ, ಹಾಗಾಗಿ ಟ್ರಿಪ್ ಕಡಿಮೆ. ಬಸ್ಸು ಓಡಿಸುವವರನ್ನು ಬೈದು ಪ್ರಯೋಜನವಿಲ್ಲ, ಖಾಲಿ ಬಸ್ಸಿಗೆ ಡೀಸೆಲ್ ಯಾರು ಹಾಕುತ್ತಾರೆ? ಇನ್ನು ಟ್ಯಾಕ್ಸಿ ಮಾಡೋಣ ಅಂದರೆ ಹೋಗಿ ಬರುವಷ್ಟರಲ್ಲಿ ತಿಂಗಳ ರೇಷನ್ ದುಡ್ಡು ಕರಗಿರುತ್ತದೆ. ಹಳದಿ-ಕಪ್ಪು ಬಾಡಿಗೆ ಬೈಕಿನ ಪೈಲಟ್ ಅಣ್ಣಂದಿರು ಒಬ್ಬರನ್ನು ಕರೆದುಕೊಂಡು ಹೋಗಬಲ್ಲರು, ಸಂಸಾರವನ್ನಲ್ಲ. ಮನೆಯಲ್ಲಿ ಇರುವುದು ಒಂದು ಸ್ಕೂಟರ್. ಅದರ ಮೇಲೆ ಗಂಡ, ಹೆಂಡತಿ, ನಡುವೆ ಒಂದು ಮಗು, ಮುಂದೆ ನಿಂತ ಇನ್ನೊಂದು. ಹೈವೇಯಲ್ಲಿ ಹೀಗೆ ಹೋಗುವವರನ್ನು ನೀವೂ ನೋಡಿರುತ್ತೀರಿ. ಹಿಡಿದು ದಂಡ ಹಾಕುವುದೂ ಸರಿಯೇ. ಆದರೆ ಅವರಿಗೆ ಬೇರೆ ದಾರಿ ಏನಿದೆ ಹೇಳಿ.

ನಾನು ಕೇಳುವ ಮೊದಲನೇ ಬಸ್ಸು ವಾಸ್ಕೊದಿಂದ ಮಡಗಾಂವ್, ಸಾಂಗೆ ಮೇಲೆ ಕುರ್ಡಿಗೆ. ಈ ಪತ್ರ ಬರೆಯಲು ಕೂತದ್ದೇ ಕುರ್ಡಿಯಿಂದಾಗಿ.

ಕುರ್ಡಿ ಈಗ ಊರಲ್ಲ. ಸಾಳಾವಳಿ ಅಣೆಕಟ್ಟು ಕಟ್ಟಿದಾಗ, 1980ರ ದಶಕದಲ್ಲಿ, ಅದು ನೀರಲ್ಲಿ ಮುಳುಗಿತು. ಭತ್ತದ ಗದ್ದೆ, ತೆಂಗು, ಗೇರು, ಹಲಸು ತುಂಬಿದ್ದ ಊರು. ಹಿಂದೂ, ಕ್ರೈಸ್ತ, ಮುಸ್ಲಿಂ ಮನೆಗಳೆಲ್ಲ ಒಟ್ಟಿಗೆ ಇದ್ದವು. ದೊಡ್ಡ ಗಾಯಕಿ ಮೊಗುಬಾಯಿ ಕುರ್ಡಿಕರ್ ಅಲ್ಲಿಯವರು, ಕಿಶೋರಿ ಅಮೋಣಕರ್ ಅವರ ತಾಯಿ. ಅಣೆಕಟ್ಟಿನ ಮಾತು ಬಂದಾಗ ಗೋವಾದ ಮೊದಲ ಮುಖ್ಯಮಂತ್ರಿ ದಯಾನಂದ ಬಾಂದೋಡ್ಕರ್ ಅವರೇ ಊರಿಗೆ ಬಂದು ಜನರನ್ನು ಒಪ್ಪಿಸಿದ್ದರು. ಜನ ಎದ್ದು ವಾಡೆಂ, ವಾಲ್ಕಿಣಿ ಕಡೆಗೆ ಹೋದರು. ಅಲ್ಲಿದ್ದ ಹಳೆಯ ಮಹಾದೇವ ಗುಡಿಯನ್ನು ಕಲ್ಲು ಕಲ್ಲು ಬಿಚ್ಚಿ ಅಣೆಕಟ್ಟಿನ ಹತ್ತಿರ ತಂದು ಮತ್ತೆ ಜೋಡಿಸಿದರು.

ಆದರೆ ಬೇಸಿಗೆಯಲ್ಲಿ ನೀರು ಇಳಿಯುತ್ತದೆ. ಮೇ ಹೊತ್ತಿಗೆ ಊರು ಮತ್ತೆ ಮೇಲೆ ಬರುತ್ತದೆ. ಆಗ ಹಳೆ ಕುರ್ಡಿಯವರೆಲ್ಲ ಬಂದು ಸೋಮೇಶ್ವರನಿಗೆ ಪೂಜೆ ಮಾಡುತ್ತಾರೆ, ಕ್ರೈಸ್ತರು ತಮ್ಮ ಚಾಪೆಲಿನ ಹಬ್ಬ ಮಾಡುತ್ತಾರೆ. ಜೂನ್‌ನಲ್ಲಿ ಮಳೆ ಹಿಡಿದರೆ ಮತ್ತೆ ನೀರು ಏರಲು ಶುರು. ವರ್ಷದಲ್ಲಿ ಕೆಲವೇ ವಾರ ಕಾಣುವ ಊರು ಇದು. ನೀರು ಸರಿಯಾಗಿ ಇಳಿಯದ ವರ್ಷ ಅದೂ ಇಲ್ಲ.

ಹೋದ ಬೇಸಿಗೆಯಲ್ಲಿ ನಾವು ಹೋದೆವು. ಹೋಗಿದ್ದು ಎರಡು ಬಸ್ಸು ಬದಲಿಸಿ, ಉಳಿದ ದಾರಿ ಒಂದು ಪಿಕಪ್ ಗಾಡಿಯವನ ಕೈಕಾಲು ಹಿಡಿದು. ನೆಲ ಬಿರುಕು ಬಿಟ್ಟು ಹೆಂಚಿನ ಚೂರಿನ ಹಾಗೆ ಕಾಲಡಿ ಮುರಿಯುತ್ತಿತ್ತು. ನೀರಲ್ಲಿ ಇದ್ದೂ ಇದ್ದೂ ಬೆಳ್ಳಗಾದ ಮರದ ಬೊಡ್ಡೆಗಳು. ಅವುಗಳ ನಡುವೆ ಮುರಕಲ್ಲಿನ ಗೋಡೆಯ ಬುಡ, ಬಾವಿಯ ಕಟ್ಟೆ, ತುಳಸಿ ಕಟ್ಟೆಯ ಅಡಿಪಾಯ. ಒಬ್ಬ ಅಜ್ಜ ತಲೆಗೆ ಟವೆಲ್ ಹಾಕಿಕೊಂಡು ಮೊಮ್ಮಕ್ಕಳಿಗೆ ಕೊಂಕಣಿಯಲ್ಲಿ ಹೇಳುತ್ತಿದ್ದರು: ಇದು ಪಡಸಾಲೆ, ಇದು ಅಡುಗೆಮನೆ, ಇಲ್ಲಿಂದ ಇಳಿದರೆ ಹೊಳೆ. ನನ್ನ ಮಗಳು ಅವರ ಹಿಂದೆಯೇ ನಡೆದಳು. ಆಮೇಲೆ ಬಂದು ಕೇಳಿದಳು, ‘ಇವರ ಮನೆ ಮುಳುಗಿಸಿದ ನೀರು ಎಲ್ಲಿಗೆ ಹೋಗುತ್ತೆ?’ ದಕ್ಷಿಣ ಗೋವಾಕ್ಕೆ ಕುಡಿಯುವ ನೀರು ಸಾಳಾವಳಿಯದ್ದು. ನಮ್ಮ ವಾಸ್ಕೊ ನಲ್ಲಿಯಲ್ಲಿ ಬರುವುದೂ ಅದೇ. ಹಾಗಂತ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಬಾಟಲಿಯಲ್ಲಿ ಉಳಿದ ನೀರನ್ನು ಚೆಲ್ಲದೆ ಮುಚ್ಚಳ ಹಾಕಿದಳು.

ವಾಪಸ್ ಬರುವಾಗ ಸಂಜೆ ಬರಬೇಕಿದ್ದ ಬಸ್ಸು ಬರಲೇ ಇಲ್ಲ. ಮಕ್ಕಳನ್ನು ಕರೆದುಕೊಂಡು ಕತ್ತಲಲ್ಲಿ ರಸ್ತೆ ಬದಿ ನಿಂತ ಮೇಲೆ, ಮುಂದಿನ ವರ್ಷ ಬರುವುದು ಬೇಡ ಅಂತ ಮನೆಯವರು ಖಡಾಖಂಡಿತ ಹೇಳಿಬಿಟ್ಟರು. ಹೀಗೆ ಒಂದು ಸಲ ಹೋಗಿ ಸಾಕಪ್ಪಾ ಅಂದವರು ನಮ್ಮ ಒಂದು ಮನೆಯವರೇ ಇರಲಿಕ್ಕಿಲ್ಲ.

ಅದೇ ಬಸ್ಸು ದಾರಿಯಲ್ಲಿ ಸಾಳಾವಳಿ ಅಣೆಕಟ್ಟಿನ ಹತ್ತಿರ ಒಂದು ಗಂಟೆ ನಿಂತರೆ ಇನ್ನೂ ಒಳ್ಳೆಯದು. ಅಲ್ಲಿನ ನೀರು ಹೊರಬೀಳುವ ಕಂಡಿ ದುಂಡಗಿನ ಬಾಯಿಯದು. ಮಳೆಗಾಲದಲ್ಲಿ ಕೆರೆ ತುಂಬಿದಾಗ ನೀರು ಸುತ್ತಲಿಂದ ಅದರೊಳಕ್ಕೆ ಧುಮುಕುವುದನ್ನು ಎಲ್ಲರೂ ಫೋಟೊದಲ್ಲಿ ನೋಡಿದ್ದೇವೆ. ಮೇನಲ್ಲಿ ಅದು ಒಣಗಿ ನಿಂತಿರುತ್ತದೆ. ಆಗ ನೋಡಿದರೇ ಅದು ಹೇಗೆ ಕೆಲಸ ಮಾಡುತ್ತದೆ ಅಂತ ಮಕ್ಕಳಿಗೆ ಅರ್ಥವಾಗುವುದು. ಪಕ್ಕದಲ್ಲಿ ತೋಟ ಇದೆ, ನೆರಳಿದೆ. ಬುತ್ತಿ ಬಿಚ್ಚಲು ಜಾಗ ಅದೇ.

ಎರಡನೇ ಬಸ್ಸು ಪಣಜಿಯಿಂದ ಫೋಂಡಾ, ಮೊಲೆಂ ಮೇಲೆ ತಾಂಬ್ಡಿ ಸುರ್ಲಾಕ್ಕೆ. ಪಣಜಿಯಿಂದ 65 ಕಿ.ಮೀ. ಆಸುಪಾಸು. ಗೋವಾದಲ್ಲಿ ಕದಂಬರ ಕಾಲದ ಗುಡಿ ಪೂರ್ತಿಯಾಗಿ ನಿಂತಿರುವುದು ಅಲ್ಲಿ ಮಾತ್ರ. ಸುತ್ತ ಭಗವಾನ್ ಮಹಾವೀರ ಅಭಯಾರಣ್ಯ, ಪಕ್ಕದಲ್ಲಿ ಹೊಳೆ. ಗೋವಾದ ಮಾಮೂಲಿ ಕೆಂಪು ಮುರಕಲ್ಲಿನದಲ್ಲ, ಕಪ್ಪು ಕಲ್ಲಿನ ಗುಡಿ. ಮಂಟಪದ ನಡುವೆ ತಲೆ ಇಲ್ಲದ ನಂದಿ. ಒಂದು ಕಂಬದ ಬುಡದಲ್ಲಿ ಆನೆ ಕುದುರೆಯನ್ನು ತುಳಿಯುತ್ತಿರುವ ಕೆತ್ತನೆ ಇದೆ, ಬಗ್ಗಿ ನೋಡಬೇಕು. ಮೇನಲ್ಲಿ ಹೊರಗೆ ಎಷ್ಟೇ ಬಿಸಿಲಿದ್ದರೂ ಒಳಗಿನ ಕಲ್ಲು ತಣ್ಣಗಿರುತ್ತದೆ.

ನಮ್ಮವರಿಗೆ ಒಂದು ಮಾತು. ಗೋವಾದಲ್ಲಿ ನಾವು ಹೊರಗಿನವರು ಅಂತ ಯಾರಾದರೂ ಅಂದಾಗ ಮುಖ ಸಣ್ಣದು ಮಾಡಿಕೊಳ್ಳುತ್ತೇವಲ್ಲ, ಒಂದು ಸಲ ಈ ಗುಡಿಗೆ ಹೋಗಿ ಬನ್ನಿ. ಗೋವಾ ಆಳಿದ ಈ ಕದಂಬರು ಬನವಾಸಿ, ಹಾನಗಲ್ಲಿನ ಕದಂಬರ ಬಳಗದವರು. ಖಾನಾಪುರ ತಾಲೂಕಿನ ಹಲಸಿಯೂ ಅವರದ್ದೇ. ಅವರು ಹಾಕಿಸಿದ ಶಾಸನಗಳಲ್ಲಿ ಕನ್ನಡದವೂ ಇವೆ. ಗಡಿ, ಜಗಳ, ಮಹದಾಯಿ ನೀರಿನ ಕೇಸು ಇವೆಲ್ಲ ಆಮೇಲಿನ ಮಾತು. ಸಾರಿಗೆ ನಿಗಮಕ್ಕೆ ಕದಂಬ ಅಂತ ಹೆಸರಿಟ್ಟವರು ಕದಂಬರ ಗುಡಿಗೆ ಭಾನುವಾರ ಒಂದು ಬಸ್ಸು ಬಿಡಬಾರದೇ?

ಅದೇ ದಾರಿಯಲ್ಲಿ ದೂಧಸಾಗರಕ್ಕೂ ಬಿಡಿ ಅಂತ ಕೇಳುವವರಿದ್ದಾರೆ. ನಾನು ಕೇಳುವುದಿಲ್ಲ. 310 ಮೀಟರ್ ಎತ್ತರದ ಜಲಪಾತ, ನಿಜ. ಆದರೆ ಮೇ ಕೊನೆಯಲ್ಲಿ ಅಲ್ಲಿ ನೀರು ನೂಲಿನೆಳೆ. ಜೀಪಿಗೆ ದುಡ್ಡು ಕೊಟ್ಟು ಅದನ್ನು ನೋಡುವುದು ದುಡ್ಡು ದಂಡ. ಅದರ ಕಾಲ ಮಳೆಗಾಲ, ಆಗ ಜೀಪು ಬಂದ್. ರೈಲು ಹಳಿ ಮೇಲೆ ನಡೆದು ಹೋಗುವ ಹುಚ್ಚು ಯಾರೂ ಮಾಡಬಾರದು.

ಮೂರನೇ ಬಸ್ಸು ಮಡಗಾಂವ್‌ನಿಂದ ಕೇಪೆ, ರಿವಣ ಕಡೆಗೆ. ಅಲ್ಲಿ ಕುಶಾವತಿ ಹೊಳೆಯ ದಂಡೆಯಲ್ಲಿ ಉಸ್ಗಾಳಿಮಳ್ ಅಂತ ಒಂದು ಜಾಗ. ಮುರಕಲ್ಲಿನ ಚಪ್ಪಟೆ ಹಾಸಿನ ಮೇಲೆ ಸಾವಿರಾರು ವರ್ಷ ಹಿಂದಿನವರು ಗೂಳಿ, ನವಿಲು, ಮನುಷ್ಯರು, ಸುತ್ತಿ ಸುತ್ತಿ ಹೋಗುವ ಚಕ್ರವ್ಯೂಹದಂಥ ಗೆರೆ ಕೊರೆದಿದ್ದಾರೆ. ಊರವರಿಗೆ ಗೊತ್ತಿದ್ದರೂ ಹೊರಗಿನ ಜಗತ್ತಿಗೆ ಗೊತ್ತಾಗಿದ್ದು 1993ರಲ್ಲಿ. ಮಳೆಗಾಲದಲ್ಲಿ ಹೊಳೆ ಉಕ್ಕಿದರೆ ನೋಡುವುದು ಕಷ್ಟ, ಬೇಸಿಗೆಯೇ ಸರಿಯಾದ ಹೊತ್ತು. ಅದೂ ಬೆಳಿಗ್ಗೆ ಬೇಗ ಅಥವಾ ಸಂಜೆ. ನಡು ಮಧ್ಯಾಹ್ನ ಹೋದರೆ ಬರೀ ಕೆಂಪು ಬಂಡೆ ಕಾಣುತ್ತದೆ. ಬಿಸಿಲು ಓರೆಯಾಗಿ ಬಿದ್ದಾಗ ಗೆರೆಯಲ್ಲಿ ನೆರಳು ಕೂತು ಗೂಳಿಯ ಕೋಡು, ಡುಬ್ಬ ಎದ್ದು ಬರುತ್ತದೆ. ಅಲ್ಲಿಂದ ಮುಂದೆ ನೇತ್ರಾವಳಿಯಲ್ಲಿ ಗೋಪಿನಾಥ ಗುಡಿಯ ಕೆರೆ, ಬುಡಬುಡೆ ತಳಿ. ತಳದಿಂದ ಸದಾ ಗುಳ್ಳೆ ಏಳುತ್ತಲೇ ಇರುತ್ತದೆ. ಚಪ್ಪಾಳೆ ತಟ್ಟಿದರೆ ಗುಳ್ಳೆ ಜಾಸ್ತಿ ಬರುತ್ತದೆ ಅನ್ನುತ್ತಾರೆ. ಮಕ್ಕಳು ತಟ್ಟಿಯೇ ತಟ್ಟುತ್ತಾರೆ, ತಟ್ಟಲಿ.

ನಾಲ್ಕನೆಯದು ಮಾಪುಸಾದಿಂದ ಡಿಚೋಲಿ, ಮಯೆಂ ಕೆರೆ, ನಾರ್ವೆ. ಕದಂಬರ ಕುಲದೇವರು ಸಪ್ತಕೋಟೇಶ್ವರ ಮೊದಲು ಇದ್ದದ್ದು ದಿವಾಡಿ ದ್ವೀಪದಲ್ಲಿ. ಪೋರ್ಚುಗೀಸರು ಗುಡಿ ಕೆಡವಿದ ಮೇಲೆ ದೇವರು ಹೊಳೆ ದಾಟಿ ನಾರ್ವೆಗೆ ಬಂದ. 1668ರಲ್ಲಿ ಶಿವಾಜಿ ಅಲ್ಲಿ ಗುಡಿ ಕಟ್ಟಿಸಿದರು. ದುರಸ್ತಿ ಮುಗಿದು 2023ರಲ್ಲಿ ಮತ್ತೆ ತೆರೆದಿದ್ದಾರೆ. ನೋಡಿದ ಮೇಲೆ ಅಲ್ಲಿಂದಲೇ ಫೆರಿ ಹತ್ತಿ ದಿವಾಡಿಗೆ ದಾಟಬಹುದು. ದ್ವೀಪ ದಾಟಿ ಇನ್ನೊಂದು ಫೆರಿಯಲ್ಲಿ ಓಲ್ಡ್ ಗೋವಾಕ್ಕೆ ಇಳಿದರೆ ಬಸಿಲಿಕಾದ ಎದುರಿಂದ ಪಣಜಿಗೆ ಬಸ್ಸು ಎಷ್ಟು ಬೇಕಾದರೂ ಇವೆ.

ಈ ಫೆರಿಯ ಬಗ್ಗೆ ಸ್ವಲ್ಪ ಹೇಳಲೇಬೇಕು. ನಡೆದು ಬಂದವರಿಗೆ ಟಿಕೆಟ್ಟೇ ಇಲ್ಲ. ಪ್ರವಾಸಿಗರು ದುಡ್ಡು ಕೊಟ್ಟು ಹೋಗುವ ಮಾಂಡವಿ ಮೇಲೆ ನಾವು ಪುಕ್ಕಟೆ ಹೋಗಬಹುದು, ಎಷ್ಟು ಜನ ಕನ್ನಡದವರು ಹೋಗಿದ್ದೀರಿ? ಕಬ್ಬಿಣದ ಹಲಗೆ ಗರಗರ ಇಳಿದು ದಡಕ್ಕೆ ಬಡಿಯುತ್ತದೆ. ಮೊದಲು ಸ್ಕೂಟರ್‌ಗಳು ಬುರ್ ಅಂತ ಹೊರಬರುತ್ತವೆ, ಆಮೇಲೆ ಕಾರು, ಕೊನೆಗೆ ಬುಟ್ಟಿ ಹಿಡಿದ ಹೆಂಗಸರು. ಈ ಕಡೆಯವರಿಗೆ ತಾಳ್ಮೆ ಇರುವುದಿಲ್ಲ, ಅವರು ಇಳಿಯುವ ಮೊದಲೇ ನುಗ್ಗುತ್ತಾರೆ. ಫೆರಿಯವನು ಕೈ ಅಡ್ಡ ಹಿಡಿದು ಬೈಯುತ್ತಾನೆ. ಹತ್ತಿ ನಿಂತ ಮೇಲೆ ನಾಲ್ಕಾರು ನಿಮಿಷ ಬರೀ ನೀರು, ಗಾಳಿ, ದಡದಲ್ಲಿ ಕಾಂಡ್ಲಾ ಗಿಡ.

ದಿವಾಡಿಯಲ್ಲಿ ರಸ್ತೆಯ ಎರಡೂ ಕಡೆ ಖಾಜನ್ ಗದ್ದೆ. ಉಬ್ಬರದ ಉಪ್ಪು ನೀರನ್ನು ಏರಿ ಕಟ್ಟಿ ತಡೆದು, ಗೇಟಿಟ್ಟು ಒಳಗೆ ಬಿಟ್ಟು ಹೊರಗೆ ಬಿಟ್ಟು ಮಾಡುವ ಬೇಸಾಯ. ಮಳೆಗಾಲದಲ್ಲಿ ಉಪ್ಪು ತಡೆಯುವ ಕೊರ್ಗುಟ್ ಭತ್ತ, ಉಳಿದ ಹೊತ್ತಲ್ಲಿ ಮೀನು, ಸಿಗಡಿ. ಕುಮಟಾ ಕಡೆಯವರಿಗೆ ಇದು ಗೊತ್ತು, ಅವರ ಗಜನಿ ಗದ್ದೆ, ಕಗ್ಗ ಭತ್ತ ಇದರ ಅಕ್ಕತಂಗಿ. ಗುಡ್ಡದ ಮೇಲೆ ಪಿಯೆದಾದ್ ಚರ್ಚು, ಅಲ್ಲಿಂದ ಇಡೀ ನದಿ ಕಾಣುತ್ತದೆ. ಆದರೆ ಫೆರಿ ಇಳಿದು ಅಲ್ಲಿಗೆ ಮೇ ಬಿಸಿಲಲ್ಲಿ ನಡೆಯುವುದು ಮಕ್ಕಳಿಗೂ ವಯಸ್ಸಾದವರಿಗೂ ಆಗದ ಮಾತು. ದ್ವೀಪದೊಳಗೆ ಭಾನುವಾರ ಒಂದು ಮಿನಿ ಬಸ್ಸು ಫೆರಿಯ ಹೊತ್ತಿಗೆ ಸರಿಯಾಗಿ ತಿರುಗಿದರೆ ಸಾಕು.

ಬಸ್ಸು ಎಲ್ಲಿಂದ ತರೋಣ ಅಂತ ನೀವು ಕೇಳುತ್ತೀರಿ, ಗೊತ್ತು. ನನ್ನ ಉತ್ತರ ಬಾಲರಥ. ಮಕ್ಕಳನ್ನು ಶಾಲೆಗೆ ಒಯ್ಯುವ ಹಳದಿ ಬಾಲರಥ ಬಸ್ಸುಗಳು ಮೇ ರಜೆಯಲ್ಲಿ ಶಾಲೆಯ ಅಂಗಳದಲ್ಲಿ ಧೂಳು ಹಿಡಿದು ನಿಂತಿರುತ್ತವೆ. ಓಡಿಸುವವರಿಗೆ ತಮ್ಮ ತಾಲೂಕಿನ ದಾರಿ ಅಂಗೈ ಗೆರೆಯಷ್ಟು ಪರಿಚಯ. ಅವರಿಗೆ ಭಾನುವಾರದ ಭತ್ಯೆ ಬೇರೆಯಾಗಿ ಕೊಡಿ, ಪುಕ್ಕಟೆ ದುಡಿಸಬೇಡಿ. ಪರ್ಮಿಟ್ಟು, ವಿಮೆ ಅಂತ ತಕರಾರು ಬರಬಹುದು, ಅದನ್ನು ಬಿಡಿಸುವ ಅಧಿಕಾರ ನಿಮ್ಮ ಕೈಯಲ್ಲೇ ಇದೆ. ಅದು ಆಗದಿದ್ದರೆ ಖಾಸಗಿ ಬಸ್ಸುಗಳನ್ನು ಕದಂಬದ ಕೆಳಗೆ ಓಡಿಸುವ ‘ಮ್ಹಜಿ ಬಸ್’ ಯೋಜನೆ ಇದೆ. ಭಾನುವಾರ ಸುಮ್ನೆ ನಿಲ್ಲುವ ಬಸ್ಸಿಗೆ ಒಂದು ಖಚಿತ ಮೊತ್ತ ಕೊಟ್ಟರೆ ಮಾಲೀಕರು ಬೇಡ ಅನ್ನಲಾರರು.

ಬಸ್ಸಿನ ಜತೆ ಎರಡು ಸಣ್ಣ ಕೆಲಸ ಆಗಬೇಕು. ಒಂದು, ಹೋದ ಕಡೆ ಹೆಂಗಸರಿಗೆ ಶೌಚಾಲಯ, ಅದರಲ್ಲಿ ನೀರು. ನಲ್ಲಿ ಇದೆ ನೀರಿಲ್ಲ ಅನ್ನುವ ಶೌಚಾಲಯವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಇನ್ನೊಂದು, ನೀರಿನ ಹತ್ತಿರ ಕಾವಲು. ಕಡಲ ತೀರದಲ್ಲಿ 2008ರಿಂದ ದೃಷ್ಟಿ ಸಂಸ್ಥೆಯ ಜೀವರಕ್ಷಕರು ಇದ್ದಾರೆ. ಕೆಂಪು ಬಾವುಟ, ಸೀಟಿ, ಎಲ್ಲ ವ್ಯವಸ್ಥೆ ಇದೆ. ಒಳನಾಡಿನ ಹೊಳೆ, ಕೆರೆ, ಕಲ್ಲುಕೋರೆಯ ಹೆಚ್ಚಿನ ಕಡೆ ಯಾರೂ ಇಲ್ಲ. ಬೇಸಿಗೆಯಲ್ಲಿ ಹೊಳೆ ಶಾಂತವಾಗಿ ಕಾಣುತ್ತದೆ. ಮೊಣಕಾಲುದ್ದ ನೀರು ಎರಡು ಹೆಜ್ಜೆಯಲ್ಲಿ ಆಳೆತ್ತರ ಆಗುತ್ತದೆ. ಬಯಲುಸೀಮೆಯಿಂದ ಬಂದ ನಮ್ಮ ಮಕ್ಕಳಲ್ಲಿ ಈಜು ಬರುವವರು ಕಡಿಮೆ. ಬಸ್ಸು ನಿಲ್ಲುವ ಜಾಗದಲ್ಲಿ ಒಬ್ಬ ಜೀವರಕ್ಷಕ, ಒಂದು ಹಗ್ಗ, ಒಂದು ಟ್ಯೂಬು ಇರಲಿ. ಮೇ ರಜೆಯಲ್ಲಿ ಸರ್ಕಾರಿ ಈಜುಕೊಳಗಳಲ್ಲಿ ನಡೆಯುವ ಈಜು ಶಿಬಿರದ ವಿಷಯ ನಮ್ಮ ಓಣಿಗಳಿಗೂ ಮುಟ್ಟಲಿ. ಗೊತ್ತಾಗುವ ಹೊತ್ತಿಗೆ ಜಾಗ ತುಂಬಿರುತ್ತದೆ.

ಬಸ್ಸು ಬರುವವರೆಗೆ ಏನು ಮಾಡೋದು ಅನ್ನುವ ನಮ್ಮವರಿಗೆ ಎರಡು ಮಾತು. ವಾಸ್ಕೊದವರು ಬೋಗ್ಮಾಳೊ ರಸ್ತೆಯ ನೌಕಾ ವಿಮಾನ ಮ್ಯೂಸಿಯಂಗೆ ಹೋಗಿ. ಹಳೆಯ ಸೂಪರ್ ಕಾನ್‌ಸ್ಟೆಲೇಶನ್ ವಿಮಾನ ಅಂಗಳದಲ್ಲೇ ನಿಂತಿದೆ, ಮಕ್ಕಳು ಎಳೆದರೂ ಬರುವುದಿಲ್ಲ. ಸೋಮವಾರ ರಜೆ. ಪಣಜಿಯವರಿಗೆ ಮಿರಾಮಾರ್‌ನಲ್ಲಿ ವಿಜ್ಞಾನ ಕೇಂದ್ರ ಇದೆ, ಬಿಸಿಲ ಹೊತ್ತು ಕಳೆಯಲು ಹೇಳಿ ಮಾಡಿಸಿದ ಜಾಗ. ಹೆಚ್ಚಾಗಿ ಮೇನಲ್ಲಿ ಮಡಗಾಂವ್‌ನ ಹೋಲಿ ಸ್ಪಿರಿಟ್ ಚರ್ಚಿನ ಹಬ್ಬದ ಹೊತ್ತಿಗೆ ಪುರುಮೆಂತಾಚೆಂ ಫೆಸ್ತ್ ಸೇರುತ್ತದೆ. ಮಳೆಗಾಲದ ನಾಲ್ಕು ತಿಂಗಳಿಗೆ ಬೇಕಾದ್ದನ್ನೆಲ್ಲ ಒಟ್ಟಿಗೆ ಕೊಳ್ಳುವ ಸಂತೆ. ಒಣ ಸಿಗಡಿ, ಒಣ ಬಂಗುಡೆ, ಕೋಕಂ ಸಿಪ್ಪೆ, ಹುಣಸೆ, ಮೆಣಸಿನಕಾಯಿ. ಜೂನ್ 1ರಿಂದ ಯಾಂತ್ರಿಕ ದೋಣಿಗಳ ಮೀನುಗಾರಿಕೆ ಬಂದ್ ಆಗುತ್ತದೆ, ಅದಕ್ಕೇ ಈ ಗಡಿಬಿಡಿ. ಕೊಳ್ಳದಿದ್ದರೂ ಮೂಗು ತುಂಬಿಕೊಂಡು ಬರಬಹುದು. ಸತ್ತರಿ ಕಡೆ ಪರಿಚಯದವರಿದ್ದರೆ ಮೇ ಮೊದಲ ವಾರದೊಳಗೆ ಗೇರು ತೋಟಕ್ಕೆ ಹೋಗಿ. ಹಣ್ಣನ್ನು ತುಳಿದು, ಉಳಿದ ಚರಟವನ್ನು ಕಲ್ಲಿನ ಭಾರಕ್ಕೆ ಕೊಟ್ಟಾಗ ತೊಟತೊಟ ಇಳಿಯುವ ರಸಕ್ಕೆ ನೀರೊ ಅನ್ನುತ್ತಾರೆ. ಅದು ಅಮಲಿಲ್ಲದ ರಸ, ಮಕ್ಕಳೂ ಕುಡಿಯಬಹುದು. ಪಕ್ಕದ ಭಟ್ಟಿಯಲ್ಲಿ ಇಳಿಯುವ ಉರ್ರಾಕ್ ದೊಡ್ಡವರ ವಿಷಯ, ಅದನ್ನು ಕುಡಿದು ಸ್ಕೂಟರ್ ಓಡಿಸಬೇಡಿ.

ಇನ್ನೂ ಒಂದು ಮಾತು, ಇದು ಕಹಿ. ಬಸ್ಸು ಬಿಟ್ಟರೆ ಈ ಜಾಗಗಳೂ ಗಲೀಜಾಗುತ್ತವೆ ಅಂತ ಊರಿನವರು ಹೆದರುತ್ತಾರೆ. ಅವರ ಹೆದರಿಕೆ ಸುಳ್ಳಲ್ಲ. ಝರಿಯ ಬುಡದಲ್ಲಿ ಒಡೆದ ಬಿಯರ್ ಬಾಟಲಿ, ಹೊಳೆ ದಂಡೆಯಲ್ಲಿ ಗುಟ್ಕಾ ಚೀಟಿ, ಬಿರಿಯಾನಿ ಡಬ್ಬಿ ನಾವೆಲ್ಲ ನೋಡಿದ್ದೇವೆ. ಅದರಲ್ಲಿ ಎಲ್ಲವನ್ನೂ ಪ್ರವಾಸಿಗರ ತಲೆಗೆ ಕಟ್ಟಲು ಆಗುವುದಿಲ್ಲ. ಕುರ್ಡಿಗೆ ಹೋಗುವವರು ಇನ್ನೂ ಎಚ್ಚರವಾಗಿರಬೇಕು, ಅದು ಯಾರೋ ಬಿಟ್ಟು ಹೋದ ಮನೆಯ ಅಂಗಳ. ಗೋಡೆಯ ಮೇಲೆ ಹತ್ತಿ ರೀಲ್ಸ್ ಮಾಡುವುದು ಬೇಡ. ಬಸ್ಸಿನಲ್ಲೇ ಎರಡು ಕಸದ ಚೀಲ ಇಟ್ಟು, ವಾಪಸ್ ಹೊರಡುವ ಮೊದಲು ಕಂಡಕ್ಟರ್ ಚೀಲ ನೋಡಿಯೇ ಸೀಟಿ ಊದಬೇಕು ಅನ್ನುವ ನಿಯಮ ಮಾಡಿ. ನಾವು ಪಾಲಿಸುತ್ತೇವೆ. ಪಾಲಿಸದಿದ್ದರೆ ಮುಂದಿನ ಭಾನುವಾರದ ಬಸ್ಸು ರದ್ದು ಮಾಡಿ, ಯಾರೂ ಚಕಾರ ಎತ್ತುವುದಿಲ್ಲ.

ಒಂದು ವರ್ಷ ನೋಡಿ. ಖಾಲಿ ಓಡಿದರೆ ನಿಲ್ಲಿಸಿ. ನಾಲ್ಕೂ ಆಗದಿದ್ದರೆ ಮೊದಲು ಕುರ್ಡಿಯದ್ದು ಕೊಡಿ, ಉಳಿದ ಜಾಗಗಳು ನವೆಂಬರಿನಲ್ಲೂ ಅಲ್ಲೇ ಇರುತ್ತವೆ. ಆದರೆ ಸಮಯ ಮಾತ್ರ ದಯವಿಟ್ಟು ಕಚೇರಿಯ ಗಡಿಯಾರ ನೋಡಿ ಇಡಬೇಡಿ. ಒಂಬತ್ತು ಗಂಟೆಗೆ ಹೊರಟರೆ ತಲುಪುವ ಹೊತ್ತಿಗೆ ನೆತ್ತಿ ಸುಡುತ್ತಿರುತ್ತದೆ. ವಾಸ್ಕೊ ಬಸ್ ನಿಲ್ದಾಣದಿಂದ ಬೆಳಿಗ್ಗೆ 6ಕ್ಕೆ ಹೊರಡಲಿ. ಜುವಾರಿನಗರದ ನಿಲ್ದಾಣದಲ್ಲಿ ನಿಲ್ಲಿಸಲು ಹೇಳಿ, ಅಲ್ಲಿಂದಲೇ ಅರ್ಧ ಬಸ್ಸು ತುಂಬುತ್ತದೆ.

ಇಂತಿ,
ಜುವಾರಿನಗರದ ಒಬ್ಬ ನಿವಾಸಿ